ಬಾರಿಸಿ ಆರಿಸಿದ ಪಂಕಾ

ಆಗೆಲ್ಲ ನಮ್ಮ ಕಡೆ ಹೊಳೆ ದಾಟಬೇಕೆಂದರೆ ಹರಿಗೋಲೇ ಗತಿ. ಹರಿಗೋಲಿನವನ ಮರ್ಜಿ ನೋಡಿಕೊಂಡು ಜನ ಮದುವೆಯ ಮುಹೂರ್ತ ಇಡುತ್ತಿದ್ದರು. ಅಂಥ ದಿನಗಳಲ್ಲಿ ಮುಂಡರಗಿ ಸೀಮೆಯಲ್ಲಿ ತುಂಗಭದ್ರೆಯ ನೀರಿನ ಮೇಲೆ ಎದ್ದು ನಿಂತು ಓಡಿದ ಮೊದಲ ಮನುಷ್ಯ ನಾನು. ಎರಡನೆಯವ ಇನ್ನೂ ಹುಟ್ಟಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಹೊರಟುಹೋದರು.

ನಮ್ಮ ಫಕ್ಕೀರಪ್ಪ ಕಾಕಾ ಶೇಂಗಾ ವ್ಯಾಪಾರಿ. ಆಚೆ ದಂಡೆಯಲ್ಲಿ ಅವನ ಹೊಲ. ಹರಿಗೋಲಿಗೆ ಕಾದು ಕಾದು ಬೇಸತ್ತು ಒಂದು ತಗಡಿನ ದೋಣಿ ಮಾಡಿಸಿದ. ಮಿಸ್ತ್ರಿ ಇಮಾಮಸಾಬರು ಅದರ ಹೊಟ್ಟೆಯಲ್ಲಿ ಹಳೇ ಜೀಪಿನ ಎಂಜಿನ್ನು ಕೂರಿಸಿದರು. ಎಂಜಿನ್ನಿನಿಂದ ಒಂದು ಕಬ್ಬಿಣದ ಸಲಾಕೆ ದೋಣಿಯ ತಳ ತೂರಿ ನೀರಿಗಿಳಿಯುತ್ತಿತ್ತು. ಅದರ ತುದಿಗೆ ನೀರು ನೂಕುವ ಪಂಕಾ ಒಂದು ಬಾಕಿ. ಪ್ರೊಪೆಲ್ಲರ್ ಎಂಬ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ.

ಅದೇ ವಾರ ಟೆಂಟ್ ಸಿನಿಮಾದಲ್ಲಿ ಒಬ್ಬ ದೋಣಿಯ ಹಿಂದೆ ಹಗ್ಗ ಹಿಡಿದು, ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುವುದನ್ನು ನೋಡಿ ಬಂದಿದ್ದೆ. ಮರುದಿನ ಶಾಲೆಯಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ದೀಪಾವಳಿ ಸೂಟಿ ಮುಗಿಯುವುದರೊಳಗೆ ನಾನೂ ಹಾಗೆ ನಿಲ್ಲುತ್ತೇನೆ ಅಂದೆ. ನನ್ನ ತರಗತಿಯ ಬಸ್ಯಾ ಪಣ ಕಟ್ಟಿದ. ನಾನು ನಿಲ್ಲದಿದ್ದರೆ ಚಾಟಿ ಸುತ್ತಿ ಆಡುವ ನನ್ನ ಬಗರಿಯನ್ನು ಅವನು ತನ್ನ ಬಗರಿಯ ಮೊಳೆಯಿಂದ ಎಲ್ಲರೆದುರು ಸೀಳುವುದು, ನಿಂತರೆ ಅವನದನ್ನು ನಾನು. ನನ್ನದು ಅಜ್ಜ ಕೆತ್ತಿಕೊಟ್ಟ ಜಾಲಿಯ ಬಗರಿ. ಕುಸುಬಿ ಎಣ್ಣೆ ಕುಡಿದು ಕುಡಿದು ಕರ್ರಗೆ ಹೊಳೆಯುತ್ತಿತ್ತು. ರಾತ್ರಿ ತಲೆದಿಂಬಿನ ಕೆಳಗೆ ಇಟ್ಟುಕೊಂಡರೆ ಕನಸಿಗೂ ಅದರ ವಾಸನೆ.

ಪಂಕಾ ತರಲು ಕಾಕಾ, ಇಮಾಮಸಾಬರು, ಬಾಲ ಹಿಡಿದು ನಾನು, ಗದಗಿನ ಒಂದು ಗುಜರಿ ಅಂಗಡಿಗೆ ಹೋದೆವು. ಮೊದಲು ಗಿರ್ಮಿಟ್ಟು, ಮಿರ್ಚಿ, ಆಮೇಲೆ ವ್ಯವಹಾರ. ಅಲ್ಲಿ ಎರಡು ಹಿತ್ತಾಳೆಯ ಪಂಕಾ ಇದ್ದವು. ಎರಡೂ ದೋಣಿಯ ತಳಕ್ಕೆ ತಾಗದಷ್ಟೇ ಅಗಲ. ಒಂದು ಭಾರದ್ದು, ಅದರ ಎಲೆಗಳು ಬಹಳ ತಿರುಚಿಕೊಂಡಿದ್ದವು. ಇನ್ನೊಂದು ಹಗುರ, ಎಲೆಗಳು ಚಪ್ಪಟೆ. ಕಾಕಾ ಎರಡನ್ನೂ ಕೈಯಲ್ಲಿ ತೂಗಿ ನೋಡಿ, ಬೋಗಾರರ ಅಂಗಡಿಯಲ್ಲಿ ಕೊಡ ಆರಿಸುವವನಂತೆ ಬೆರಳಗಣ್ಣಿನಿಂದ ಬಾರಿಸಿದ. ಭಾರದ್ದು ಠಣ್ ಎಂದು ಅರ್ಧ ಗದಗಿಗೆ ಕೇಳುವಂತೆ ನುಡಿಯಿತು. ಹಗುರದ್ದು ಟಕ್ ಅಂದು ಸುಮ್ಮನಾಯಿತು. ಆರಿಸುವುದು ಮುಗಿಯಿತು.

"ಸಾವ್ಕಾರ್ರ, ನಾವು ಕೊಡಾ ತಗೊಳ್ಳಾಕ ಬಂದಿಲ್ರಿ," ಅಂದರು ಇಮಾಮಸಾಬರು. "ಅದಕ್ಕ ತಿರುವು ಭಾಳ ಐತಿ. ಒಂದ ಸುತ್ತಿಗೆ ಅಷ್ಟು ನೀರು ನೂಕಾಕ ನಮ್ಮ ಎಂಜಿನ್ನಿಗೆ ದಮ್ಮಿಲ್ಲ. ಅದು ಕುದರಿ, ಓಡಾಕ ಹತ್ತಿದ ಮ್ಯಾಲ ಛಲೋ. ಇದು ಎತ್ತು. ನಿಂತಲ್ಲಿಂದ ಜಗ್ಗತೈತಿ."

"ಇಮಾಮಣ್ಣಾ, ನಮ್ಮ ಮನ್ಯಾಗ ಇವತ್ತಿನ ತನಕಾ ಒಂದು ಕೊಡಾ ಸೋರಿಲ್ಲ. ಎಲ್ಲಾ ಈ ಕಿವೀಲೆ ಆರಿಸಿದ್ದು."

ಇಮಾಮಸಾಬರು ಕರಗಿಸಲು ಬೇಕೆಂದು ಹಗುರದ್ದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

ಮೊದಲ ಸಲ ದೋಣಿ ನೀರಿಗಿಳಿದ ದಿನ ಅರ್ಧ ಶಾಲೆಯೇ ದಂಡೆಯ ಮೇಲಿತ್ತು. ನಾನು ಹಳೇ ಬಾಗಿಲಿನ ಹಲಗೆಯ ಮೇಲೆ ಕೂತು ಹಗ್ಗ ಹಿಡಿದೆ. ಎಂಜಿನ್ನು ಗೊರಗೊರ ಎಂದು ದಮ್ಮು ಹತ್ತಿದ ಮುದುಕನಂತೆ ಕೆಮ್ಮಿತು. ದೋಣಿ ಜಾತ್ರೆಯಿಂದ ಮರಳುವ ಎಮ್ಮೆಯ ಹಾಗೆ ಸಾಗಿತು. ಹಲಗೆ ಮೇಲೇಳುವ ಬದಲು ಮೂಗು ಬಗ್ಗಿಸಿ ಮುಳುಗಿತು, ಮೇಲಿದ್ದ ನಾನೂ ಅದರ ಜೊತೆಗೆ. ಬಸ್ಯಾ ಹುರಿದ ಶೇಂಗಾ ತಿನ್ನುತ್ತ ತನ್ನ ಬಗರಿಯ ಮೊಳೆಯನ್ನು ಕಲ್ಲಿಗೆ ಮಸೆಯತೊಡಗಿದ. ಸೂಟಿ ಇನ್ನೂ ಎರಡು ದಿನ ಐತಿ ಎಂದು ಕೂಗಿದೆ, ಬಾಯಿಂದ ಮಾತಿಗಿಂತ ನೀರೇ ಹೆಚ್ಚು ಬಂತು.

ಮರುದಿನ ಮಧ್ಯಾಹ್ನ ಕಾಕಾ ಕಟಕರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡು ಬೇವಿನ ಗಿಡದ ಕೆಳಗೆ ಗೊರಕೆ ಹೊಡೆಯುವಾಗ ನಾನೂ ಇಮಾಮಸಾಬರೂ ದೋಣಿಯ ಹಿಂಬದಿಯನ್ನು ಉಸುಕಿಗೆ ಎಳೆದು ಪಂಕಾ ಬದಲಿಸಿದೆವು. ಉಪಾಯ ನನ್ನದು, ನಟ್ಟು ಬಿಚ್ಚುವ ಪಾನಾ ಅವರದು. ನೀರೊಳಗೆ ಮುಳುಗಿದ್ದನ್ನು ಯಾರು ನೋಡುತ್ತಾರೆ? ಭಾರದ್ದನ್ನು ಶೇಂಗಾ ಹೊಟ್ಟಿನ ರಾಶಿಯಲ್ಲಿ ಹೂತೆ.

ಸಂಜೆ ಎಂಜಿನ್ನು ಹಗುರಾಗಿ ಏರುದನಿ ತೆಗೆಯಿತು. ಹಗ್ಗ ಒಮ್ಮೆಲೇ ಬಿಗಿಯಿತು. ಹಲಗೆ ನೀರಿನಿಂದ ಎದ್ದಿತು, ಅದರ ಮೇಲೆ ಕಾಲು ನಡುಗಿಸುತ್ತ ನಾನೂ ಎದ್ದೆ. ಕಾಕಾ ಒಮ್ಮೆ ತಿರುಗಿ ಎಂಜಿನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮುಂದೆ ನೋಡುತ್ತ ಓಡಿಸಿದ. ಆಚೆ ದಂಡೆ ಮುಟ್ಟುವ ತನಕ ನಾನು ಬೀಳಲಿಲ್ಲ. ಬಸ್ಯಾನ ಬಗರಿ ಸೀಳಿದೆ. ಪಾಪ ಅನ್ನಬೇಡಿ, ಅವನಾಗಿದ್ದರೆ ಬಿಡುತ್ತಿದ್ದನೇ?

ಕಾಕಾ ಊರ ತುಂಬ, ನೋಡ್ರಿ ಬಾರಿಸಿ ತಂದ ಪಂಕಾ, ಎಂದು ಹೇಳಿಕೊಂಡು ತಿರುಗಿದ. ಇಮಾಮಸಾಬರು ಗಡ್ಡದಲ್ಲಿ ನಕ್ಕರು. ನಾನಂತೂ ಎಷ್ಟೋ ವರ್ಷ ಅವನ ಬೆನ್ನ ಹಿಂದೆ ಈ ಕಥೆ ಮಾರಿಕೊಂಡು ತಿಂದೆ.

ಸೇತುವೆ ಆಯಿತು. ದೋಣಿಯನ್ನು ಒಡೆಯಲು ದಂಡೆಗೆ ಎಳೆದ ದಿನ ನನಗೆ ಮೀಸೆ ಬಂದಿತ್ತು. ಕಾಕಾ ಬಗ್ಗಿ ಪಂಕಾ ನೋಡಿದ, ಬೆರಳಗಣ್ಣಿನಿಂದ ಒಮ್ಮೆ ಬಾರಿಸಿದ. ಟಕ್ ಅಂದಿತು.

"ಆ ದೊಡ್ಡದನ್ನ ಎಲ್ಲಿ ಇಟ್ಟೀಲೇ ಸೋಮ್ಯಾ?"

ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ನೀ ನಿಂತ ದಿನಾನ. ಎಂಜಿನ್ನಿನ ದನಿ ಬ್ಯಾರೆ ಇತ್ತು. ಈ ಕಿವಿ ಬರೇ ಕೊಡಾ ಆರಸಾಕ ಅಷ್ಟ ಅಂತ ತಿಳಿದಿ ಏನು?"

"ಮತ್ತ ಯಾಕ ಸುಮ್ನ ಇದ್ದಿ ಕಾಕಾ?"

"ಹೇಳಿದ್ರ ಬಿಚ್ಚಿಸಿ ನಂದು ಹಾಕಬೇಕಾಗ್ತಿತ್ತು. ನೀ ಬೀಳ್ತಿದ್ದಿ."

ಈಗ ಸೇತುವೆಯ ಮೇಲೆ ಎರಡು ನಿಮಿಷಕ್ಕೆ ಹೊಳೆ ದಾಟುತ್ತೇನೆ, ನೀರಿನ ಕಡೆ ನೋಡುವಷ್ಟೂ ಹೊತ್ತಿರುವುದಿಲ್ಲ. ಆ ಭಾರದ ಪಂಕಾ ನಮ್ಮ ಪಡಸಾಲೆಯಲ್ಲಿ ತೂಗುತ್ತಿದೆ. ಬಾರಿಸಿದರೆ ಇವತ್ತಿಗೂ ಠಣ್. ನನ್ನ ಕಿತಾಪತಿಯೂ ನಿಂತಿಲ್ಲ. ಮೊನ್ನೆ ಸಕ್ಕರೆ ಡಬ್ಬಿಗೆ ಉಪ್ಪು ತುಂಬಿಟ್ಟೆ. ಮನೆಯವರೆಲ್ಲ ಒಬ್ಬರ ಮೇಲೊಬ್ಬರು ಹಾಕಿ ಜಗಳಾಡಿದರೇ ಹೊರತು ನನ್ನ ಕಡೆ ಯಾರೂ ನೋಡಲಿಲ್ಲ. ಗೆದ್ದೆ. ಆದರೆ ಎಲ್ಲ ಗೊತ್ತಿದ್ದೂ, ಒಮ್ಮೆ ತಿರುಗಿ ನೋಡಿ, ನಾನು ಬೀಳಬಾರದೆಂದು ಸುಮ್ಮನೆ ಮುಂದೆ ಓಡಿಸುವವನಿಲ್ಲದ ಮೇಲೆ ಗೆದ್ದರೂ ಮೊದಲಿನ ರುಚಿಯಿಲ್ಲ.