ಪೇಟಿ ಮಾಸ್ತರರು ಮರೆತ ಚರಣ

ಓದುಗರಿಗೆ ನಮಸ್ಕಾರ. ತಡವಾಗಿ ಅಕ್ಷರ ಕಲಿತವನು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಜಗಳೂರಿನಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತ ನಮಗೆ ನಾಟಕ ಕಲಿಸುತ್ತಿದ್ದ ಪೇಟಿ ಮಾಸ್ತರರು ಹರೆಯದಲ್ಲಿ ಕಂಪನಿ ನಾಟಕಗಳಿಗೆ ಹಾಡು ಕಟ್ಟಿ ಹೆಸರಾದವರು. ಒಂದನ್ನೂ ಬರೆದಿಟ್ಟಿರಲಿಲ್ಲ. ನಾವು ಸಿನಿಮಾ ಧಾಟಿ ಕೇಳಿದರೆ, "ಆಗ್ಲಿ ಬಿಡ್ರಿ," ಎಂದು ಕನ್ನಡಕ ಒರೆಸಿಕೊಂಡು ಅದನ್ನೇ ನುಡಿಸುತ್ತಿದ್ದರು.

ಒಮ್ಮೆ ನಾನು ಅವರ ಮೊದಲ ನಾಟಕದ ಹಾಡು ಕೇಳಿದೆ. ಪಲ್ಲವಿ ನುಡಿಸಿದರು, ಚರಣಕ್ಕೆ ಬೆರಳು ನಿಂತಿತು. "ಮುಂದಿಂದು ಮರ್ತೋಗೈತ್ರಿ."

ನಮ್ಮ ನಾಟಕದ ಪಾತ್ರಕ್ಕೆಂದು ಹೊನ್ನಾಳಿಯಿಂದ ಬಂದಿದ್ದ ಹಿರಿಯ ನಟಿ ಎಲೆಅಡಿಕೆ ಉಗಿದು ಬಂದರು. "ಆ ನಾಟಕದಾಗ ನಾನು ತಪ್ಪಿದ್ದಕ್ಕೆ ಹತ್ತು ಸಲ ಹಾಡಿಸಿದ್ರಲ್ಲ ಮಾಸ್ತರೆ, ನನಗೆ ಮರೆಯಾಕೆ ಆಗ್ತೈತಾ?" ಎಂದು ಚರಣ ಹಾಡಿದರು. ಮಾಸ್ತರರು ಶಿಷ್ಯನಂತೆ ಹಿಂದೆ ಹಿಂದೆ ನುಡಿಸಿದರು. ಮುಗಿದಾಗ, "ಇನ್ನೊಂದ್ಸಲ ಹಾಡು ತಾಯಿ," ಎಂದರು.

ಈಗ ಮಾಸ್ತರರಿಲ್ಲ. ಅಂಥವರ ಹಾಡು ನಿಮ್ಮ ಮನೆಯಲ್ಲೂ ಯಾರ ಬಾಯಲ್ಲಾದರೂ ಉಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ.