ಲಿಂಕ್ ಬರುವವರೆಗೆ

ಕೇಬಲ್ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡಿನೊಡನೆ ಹೇಗೆ ವ್ಯವಹರಿಸಬೇಕೆಂದು ಕಂಪ್ಯೂಟರಿಗೆ ಹೇಳಿಕೊಡುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ತುಮಕೂರಿನಲ್ಲಿ ಕೂತು ಅದನ್ನು ಬರೆಯುವುದು ನನ್ನ ಹೊಟ್ಟೆಪಾಡು. ಕುಣಿಗಲ್‌ನಲ್ಲಿ ಚಿಕ್ಕಮ್ಮ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾಳೆ. ಅಲ್ಲಿನ ಹಳೇ ಕಂಪ್ಯೂಟರುಗಳಿಗೆ ಹಾರ್ಡ್ ಡಿಸ್ಕ್ ಇಲ್ಲ. ಎಲ್ಲವೂ ಒಂದು ಸರ್ವರಿನಿಂದ ಕೇಬಲ್ ಮೂಲಕವೇ ಬರಬೇಕು. ಅವುಗಳ ಕಾರ್ಡಿನ ಚಿಪ್ಪಿನಲ್ಲೇ ಕೂರುವ ಡ್ರೈವರ್ ಹೊಂದಿಸಿ ಕೊಟ್ಟವನು ನಾನೇ. ಒಂದು ದಿನ ಅವಳ ಫೋನ್ ಬಂತು.

“ಹೊಸ ಸ್ವಿಚ್ ಡಬ್ಬಿ ಹಾಕಿದ್ಮೇಲೆ ಯಾವ್ದೂ ಶುರು ಆಗ್ತಿಲ್ಲ ಕಣೋ. ಕೇಬಲ್ಲೇ ಇಲ್ಲ ಅಂತದೆ. ಸೋಮವಾರ ಪರೀಕ್ಷೆ. ಇಲ್ಲಾಗ್ದಿದ್ರೆ ತುಮಕೂರಿಗೆ ಹಾಕ್ತಾರೆ. ಅಷ್ಟು ದೂರ ನಮ್ ಹುಡ್ಗೀರ್ನ ಮನೇಲಿ ಕಳ್ಸಲ್ಲ.”

ನನ್ನ ಮೇಜಿನ ಮೇಲೆ ಅದೇ ಡ್ರೈವರ್ ಒಂದು ಸಲವೂ ಕೈಕೊಟ್ಟಿರಲಿಲ್ಲ. ಇಲಿ ಕೇಬಲ್ ಕಡಿದಿರಬೇಕು ಎಂದು ಗೊಣಗುತ್ತಲೇ ಬಸ್ ಹತ್ತಿದೆ.

ಹೋಗಿ ನೋಡಿದರೆ ಚಿಕ್ಕಮ್ಮನ ಪದ್ಧತಿಯೇ ಬೇರೆ. ಸಂಜೆ ಬಾಗಿಲು ಹಾಕುವಾಗ ಕರೆಂಟಿನ ಮೇನೇ ಆಫ್. ಬೆಳಿಗ್ಗೆ ಅದಕ್ಕೆ ಕೈಮುಗಿದು ಆನ್. ಏನಾದರೂ ಕೆಟ್ಟರೆ ಮತ್ತೆ ಮೇನ್ ಆಫ್, ಮತ್ತೆ ಆನ್! ಹೀಗಾಗಿ ಕಂಪ್ಯೂಟರುಗಳಿಗೂ, ಕೇಬಲ್ಲುಗಳಿಂದ ಅವನ್ನೆಲ್ಲ ಸರ್ವರಿಗೆ ಜೋಡಿಸುವ ಆ ಸ್ವಿಚ್ ಡಬ್ಬಿಗೂ ಒಟ್ಟಿಗೇ ಕರೆಂಟ್ ಸಿಗುತ್ತಿತ್ತು. ಹೊಸ ಡಬ್ಬಿ ಏಳುವುದು ನಿಧಾನ. ನನ್ನ ಡ್ರೈವರಿಗೋ ಅವಸರ. ಒಮ್ಮೆ ಇಣುಕಿ, ಆ ಕಡೆ ಯಾರೂ ಇಲ್ಲವೆಂದು ಕೈಚೆಲ್ಲುತ್ತಿತ್ತು. ನನ್ನ ಮನೆಯಲ್ಲಿ ಡಬ್ಬಿಯನ್ನು ಆರಿಸುವ ಪದ್ಧತಿಯೇ ಇಲ್ಲ, ಇದು ಕಾಣುವುದಾದರೂ ಹೇಗೆ?

“ಮೇನ್ ಮುಟ್ಬೇಡ ಚಿಕ್ಕಮ್ಮ, ಅಷ್ಟೇ,” ಎಂದೆ.

“ಪರೀಕ್ಷೆ ಹೊತ್ನಲ್ಲಿ ಕರೆಂಟೇ ಹೋಗಿ ಬಂದ್ರೆ ಏನ್ಮಾಡ್ಲೋ?”

ಲ್ಯಾಪ್‌ಟಾಪ್ ತೆಗೆದೆ.

ಡ್ರೈವರ್ ಸ್ವಲ್ಪ ಸ್ವಲ್ಪ ಬಿಟ್ಟು ಮತ್ತೆ ಮತ್ತೆ ನೋಡುವಂತೆ ಬದಲಿಸಿದೆ. ಒಟ್ಟು ಕಾಯುವ ಅವಧಿಯನ್ನೂ ಹಿಗ್ಗಿಸಿದೆ. ಪ್ರತಿ ಸಲ ಕಂಡದ್ದು ಪರದೆಯ ಮೇಲೆ ಬರುವಂತೆ ಮಾಡಿ, ಮೇನ್ ಆರಿಸಿ ಮತ್ತೆ ಹಾಕಿ ಕೂತೆ. ಇಲ್ಲ. ಇಲ್ಲ. ಇಲ್ಲ. ಆಮೇಲೆ ತಂತಿಯ ಆ ತುದಿಯಿಂದ ಮಿಡಿತ ಬಂತು. ನಿನ್ನ ವೇಗವೆಷ್ಟು, ನನ್ನದಿಷ್ಟು ಎಂದು ಕಾರ್ಡೂ ಡಬ್ಬಿಯೂ ಕೇಳಿಕೊಂಡು, ಎರಡಕ್ಕೂ ಆಗುವ ವೇಗಕ್ಕೆ ಒಪ್ಪಿಕೊಂಡವು. ಲಿಂಕ್ ಬಂತು ಎನ್ನುವುದು ಇದಕ್ಕೇ. ಇದನ್ನೇ ಬರೆದು ಅನ್ನ ತಿನ್ನುವವನು ನಾನು, ಆದರೂ ಮೈ ಜುಮ್ಮೆಂದಿತು. ಒಂದೆಳೆ ತಾಮ್ರದಲ್ಲಿ ಇಷ್ಟೊಂದು ಸೌಜನ್ಯ!

ಎಲ್ಲ ಕಂಪ್ಯೂಟರುಗಳಿಗೂ ಅದನ್ನೇ ಹಾಕಿಟ್ಟು, ಸೋಮವಾರ ಬಾಗಿಲ ಬಳಿ ನಿಂತಿದ್ದೆ. ಹುಡುಗಿಯರು ಕೂತ ಕೂಡಲೇ ಕರೆಂಟ್ ಹೋಯಿತು. ಬಂದ ಮೇಲೂ ಪರದೆಗಳೆಲ್ಲ ಕಪ್ಪು. ಪರೀಕ್ಷೆ ನಡೆಸಲು ಬಂದಿದ್ದವರು ತುಮಕೂರಿಗೆ ತಿಳಿಸಲು ಫೋನ್ ಹೊರತೆಗೆದರು. ಚಿಕ್ಕಮ್ಮನ ಕೈ ಮೇನ್ ಕಡೆ ಹೋಯಿತು, ಗಟ್ಟಿಯಾಗಿ ಹಿಡಿದುಕೊಂಡೆ.

“ಕಾಯ್ತಾ ಅವೆ, ಬುಡು.”

ಮೂಲೆಯ ಒಂದು ಪರದೆ ಬೆಳಗಿತು. ಅದರ ಪಕ್ಕದ್ದು. ಆಮೇಲೆ ಸಾಲಿಗೆ ಸಾಲೇ.

ಬಂದಿದ್ದವರು ಫೋನ್ ಜೇಬಿಗಿಟ್ಟು, “ಶುರು ಮಾಡ್ರಮ್ಮ,” ಎಂದರು.