ಹಪ್ಪಳದ ಚಾಪೆ ಮತ್ತು ಅಳದ ಮಗು

ಮದುವೆಯಾಗಿ ಪಂಜಕ್ಕೆ ಬಂದ ಮೊದಲ ವರ್ಷಗಳಲ್ಲಿ ನನಗೆ ತುಂಬಾ ಇಷ್ಟದ ಕೆಲಸವೆಂದರೆ ಒಣಗಲು ಹಾಕಿದ ಹಲಸಿನ ಹಪ್ಪಳ ಕಾಯುವುದು. ಅಂಗಳದಲ್ಲಿ ಚಾಪೆ, ಪಕ್ಕದಲ್ಲೊಂದು ಕೋಲು, ಮಡಿಲಲ್ಲಿ ಕಾದಂಬರಿ. ಪುತ್ತೂರಿನಲ್ಲಿದ್ದ ಅಕ್ಕ ವಾಚನಾಲಯದಿಂದ ವಾರಕ್ಕೊಂದು ತಂದು, ಪೇಪರಿನಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸುತ್ತಿದ್ದಳು. ಓದಿದ್ದು ಅದೇ ಬಸ್ಸಿನ ಕಂಡಕ್ಟರರ ಕೈಯಲ್ಲಿ ಹಿಂದೆ ಹೋಗುತ್ತಿತ್ತು. ಅತ್ತೆಗೆ ಮಾತ್ರ ಇದು ಸರಿಬರುತ್ತಿರಲಿಲ್ಲ. “ಲೋಕದಲ್ಲೇ ಇಲ್ಲದವರ ಸುಳ್ಳು ಕಥೆಗೆ ಕಣ್ಣೀರು ಹಾಕುದು ಎಂತಕ್ಕೆ? ಒಂದು ಹಪ್ಪಳ ಹಾಳಾಗ್ಲಿ, ನಿನ್ನ ಪುಸ್ತಕ ಅವತ್ತಿಗೇ ಬಂದ್” ಎಂದಿದ್ದರು.

ಒಂದು ವಾರ ಕಟ್ಟು ಬಿಚ್ಚಿದರೆ ಕಾದಂಬರಿ ಅಲ್ಲ, ಯಾರೋ ಸೂಲಗಿತ್ತಿಯ ಜೀವನಚರಿತ್ರೆ. “ಒಳ್ಳೆಯದೆಲ್ಲ ಬೇರೆಯವರು ಒಯ್ದಿದ್ದಾರೆ, ಇದ್ದದ್ದು ಇದೇ” ಎಂದು ಅಕ್ಕನ ಚೀಟಿ. ಜೀವನಚರಿತ್ರೆ ಎಂದರೆ ನನ್ನ ಮಟ್ಟಿಗೆ ಹುಟ್ಟಿದ ಊರು, ಪಾಸಾದ ಪರೀಕ್ಷೆ, ಹಾಕಿಸಿಕೊಂಡ ಹಾರ. ಅಭ್ಯಾಸದಂತೆ ಕೊನೆಯ ಪುಟ ಮೊದಲು ನೋಡಿದೆ. ಮದುವೆಯೂ ಇಲ್ಲ, ಸಾವೂ ಇಲ್ಲ. ಆಕೆ ಈಗಲೂ ಬೆಳಿಗ್ಗೆ ಎದ್ದು ಮಲ್ಲಿಗೆ ಗಿಡಕ್ಕೆ ನೀರು ಹಾಕುತ್ತಾರಂತೆ. ಇದೆಂಥ ಮುಕ್ತಾಯ ಎಂದು ಹಿಂದಕ್ಕೆ ಮಗುಚಿದವಳು ಒಂದು ಪುಟದಲ್ಲಿ ಸಿಕ್ಕಿಬಿದ್ದೆ. ಆಕೆ ಮಾಡಿಸಿದ ಮೊದಲ ಹೆರಿಗೆ, ಅದೂ ನಡುದಾರಿಯಲ್ಲಿ, ಎತ್ತಿನ ಗಾಡಿಯೊಳಗೆ. ಮಗು ಹುಟ್ಟಿದೆ, ಅಳುತ್ತಿಲ್ಲ.

“ಅಯ್ಯೋ, ಕರು! ಕರು!” ಎಂದು ಅತ್ತೆ ಓಡಿ ಬಂದಾಗ ಚಾಪೆಯ ಒಂದು ಬದಿ ಖಾಲಿ. ಕರು ಆರಾಮಾಗಿ ಬಾಯಾಡಿಸುತ್ತಿತ್ತು. “ಎಂತ ಮಾಡ್ತಾ ಇದ್ದಿ ಮಾರಾಯ್ತಿ?”

“ಮಗು ಅಳುದಿಲ್ಲ ಅತ್ತೆ!” ಬಾಯಿಗೆ ಬಂದದ್ದು ಅಷ್ಟೇ.

“ಯಾರ ಮಗು?”

“ಪುಸ್ತಕದಲ್ಲಿ...”

“ಸುಳ್ಳು ಮಗು ಅತ್ತರೆಷ್ಟು, ಬಿಟ್ಟರೆಷ್ಟು! ಇವತ್ತಿಗೆ ಮುಗೀತು ನಿನ್ನ ಓದು.”

“ಸುಳ್ಳಲ್ಲ ಅತ್ತೆ, ನಡೆದದ್ದು. ಹೆರಿಗೆ ಮಾಡಿಸಿದ ಅಮ್ಮ ಈಗ್ಲೂ ಇದ್ದಾರೆ.”

ಆರು ಹೆತ್ತ ಅತ್ತೆ ಎತ್ತಿದ ಕೋಲನ್ನು ಕೆಳಗಿಟ್ಟರು. “ಬೆನ್ನಿಗೆ ತಟ್ಟಿದ್ರಾ? ಓದು, ಬೇಗ ಓದು.”

ತಟ್ಟಿದ್ದರು. ಮಗು ಅತ್ತಿತು. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಗಾಡಿಯಲ್ಲಿ ಬಿಸಿನೀರಿಗೆ ಎಂತ ಮಾಡಿದ್ರಂತೆ?” ಎಂದರು. ಅದೂ ಪುಸ್ತಕದಲ್ಲಿತ್ತು. ಹೆರಿಗೆ ಮಾಡಿಸಿದ್ದಕ್ಕೆ ಸಿಕ್ಕಿದ ಸಿಹಿಕುಂಬಳವನ್ನು ಅದೇ ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಆಕೆ ಮನೆಗೆ ಹೋದದ್ದೂ ಇತ್ತು. ನಾನು ಓದಿದ ಯಾವ ಕಾದಂಬರಿಯ ನಾಯಕಿಗೂ ಸಿಹಿಕುಂಬಳ ಸಿಕ್ಕಿರಲಿಲ್ಲ.

ಪುಸ್ತಕ ಹಿಂದೆ ಹೋಗುವ ದಿನ ಇನ್ನೊಂದು ತರಿಸಲೇ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಅತ್ತೆಯೇ ಹಪ್ಪಳದ ಕಟ್ಟೊಂದನ್ನು ತಂದು ಪುಸ್ತಕದ ಮೇಲಿಟ್ಟರು. “ಇದು ಆ ಅಮ್ಮನಿಗೆ. ತಲುಪಿಸ್ಲಿಕ್ಕೆ ಅಕ್ಕನ ಹತ್ರ ಹೇಳು. ಮತ್ತೆ, ಇಂಥ ನಡೆದ ಕಥೆ ಇನ್ನೂ ಉಂಟಾ ಅಂತ ಕೇಳು.”

ಮುಂದಿನ ವಾರದ ಕಟ್ಟಿನಲ್ಲಿ ಅಕ್ಕನ ಚೀಟಿ: ಆ ಅಮ್ಮನ ವಿಳಾಸ ಯಾರಿಗೂ ಗೊತ್ತಿಲ್ಲ, ಹಪ್ಪಳ ನಾವೇ ಕರಿದು ತಿಂದೆವು.

“ತಿನ್ಲಿ ಬಿಡು” ಎಂದರು ಅತ್ತೆ. “ಈ ಸಲ ಯಾರದ್ದು?”

ದೋಣಿ ಕಟ್ಟುವವರೊಬ್ಬರದ್ದು. ಮೊದಲು ಕರುವನ್ನು ಕಟ್ಟಿ ಬಂದು, ಇಬ್ಬರೂ ಚಾಪೆಯ ಪಕ್ಕ ಕುಳಿತೆವು.